ಹೊರದೇಶದ ಓದಿಗೆ ಸ್ಕಾಲರ್‌ಶಿಪ್ ಅರ್ಜಿ: ಎಲ್ಲರ ಪ್ರಬಂಧವೂ ಒಂದೇ ಥರ ಇದ್ದರೆ ಅಂಕ ಕೊಡೋದು ಹೇಗೆ?

ಬೆಣ್ಣೆದೋಸೆ_ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಹಳೇ ವಿದ್ಯಾರ್ಥಿಗಳು ಸೇರಿ ಒಂದು ಸಣ್ಣ ಟ್ರಸ್ಟ್ ಮಾಡಿಕೊಂಡಿದ್ದೇವೆ. ಹೊರದೇಶಕ್ಕೆ ಎಂ.ಎಸ್. ಓದಲು ಹೋಗುವ ಮಕ್ಕಳಿಗೆ ತಲಾ 3 ಲಕ್ಷ, ಈ ಸಲ 8 ಜನಕ್ಕೆ. ಅರ್ಜಿ ನೂರರ ಮೇಲೆ ಬಂದಿವೆ. ನೋಡುವವರು ನಾಲ್ಕೇ ಜನ, ಎಲ್ಲರೂ ಆಫೀಸು ಮುಗಿಸಿ ರಾತ್ರಿ ಕೂತು ಓದುವವರು.

ಅಂಕದ ಲೆಕ್ಕ: ಓದಿಗೆ 40, ಪ್ರಬಂಧಕ್ಕೆ 30, ಮನೆಯ ಆದಾಯಕ್ಕೆ 20, ಶಿಫಾರಸು ಪತ್ರಕ್ಕೆ 10.

ತೊಂದರೆ ಇರುವುದು ಪ್ರಬಂಧದಲ್ಲಿ. ನನ್ನ ಪಾಲಿಗೆ ಬಂದ ಕಟ್ಟಿನಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಚಿಕ್ಕಂದಿನಿಂದ ತಂತ್ರಜ್ಞಾನದ ಮೇಲೆ ಅಪಾರ ಒಲವು. ಎಲ್ಲರೂ ಸಮಾಜಕ್ಕೆ ಏನಾದರೂ ಮರಳಿ ಕೊಡುವವರೇ. ಮೂವರಲ್ಲಿ ಒಂದು ಸಾಲು ಅಕ್ಷರ ಬಿಡದೆ ಒಂದೇ ಇದೆ. ಇದರ ನಡುವೆ ಒಬ್ಬ ಹುಡುಗನ ಅರ್ಜಿ ಇದೆ. ಇಂಗ್ಲಿಷ್ ಅಲ್ಲಲ್ಲಿ ತಪ್ಪು. ಅಪ್ಪ ಗೂಡ್ಸ್ ಆಟೋ ಓಡಿಸುತ್ತಾರೆ. ತನ್ನ ಊರಲ್ಲಿ ಯಾವ ಬೋರ್ ಎಷ್ಟು ಅಡಿಗೆ ನೀರು ಕೊಟ್ಟಿತು, ಯಾವ ವರ್ಷ ಬತ್ತಿತು ಅಂತ ಮನೆ ಮನೆ ತಿರುಗಿ ಬರೆದುಕೊಂಡು ನಕ್ಷೆ ಮಾಡಿದ್ದಾನೆ. ನೋಟ್‌ಬುಕ್ಕಿನ ಫೋಟೋ ಅರ್ಜಿ ಜೊತೆ ಇಟ್ಟಿದ್ದಾನೆ. ನಮ್ಮ ಲೆಕ್ಕದ ಪ್ರಕಾರ ಇವನು ಕೆಳಗಿನ ಅರ್ಧದಲ್ಲಿದ್ದಾನೆ!

ಇಂಥ ಕಮಿಟಿಯಲ್ಲಿ ಕೂತು ಅಭ್ಯಾಸ ಇರುವವರು ಏನು ಮಾಡ್ತೀರಿ?

ಕೋಟೆ_ಕಾಫಿ:
ಪ್ರಬಂಧಕ್ಕೆ 30 ಅಂದ್ರೆ ದುಡ್ಡು ತೊಗೊಂಡು ಅರ್ಜಿ ಬರೆದುಕೊಡೋ ಕನ್ಸಲ್ಟೆನ್ಸಿಗೆ 30 ಅಂತ ಅರ್ಥ. ತೆಗೆದುಹಾಕಿ.

ಬರ್ಲಿನ್_ಭಟ್ಟ:
ತೆಗೆದರೆ ಉಳಿಯೋದು ಸಿಜಿಪಿಎ ಮತ್ತು ಆದಾಯ ಪತ್ರ. ಆ ಬೋರ್‌ವೆಲ್ ಹುಡುಗ ಪಟ್ಟಿಯಲ್ಲೇ ಇರಲ್ಲ ಆಮೇಲೆ.

ಪ್ರಬಂಧದ ತಪ್ಪಲ್ಲ ಇದು, ಪ್ರಶ್ನೆಯ ತಪ್ಪು. 'ನಿಮ್ಮ ಗುರಿ ಏನು, ಬರೆಯಿರಿ' ಅಂತ ಕೇಳಿದರೆ ಎಲ್ಲರೂ ಒಂದೇ ಉತ್ತರ ಬರೀತಾರೆ. ಚಾಟ್‌ಜಿಪಿಟಿ ಬರುವ ಮೊದಲೂ ಬರೀತಿದ್ದರು, ಕನ್ಸಲ್ಟೆನ್ಸಿಯವರ ಹತ್ತಿರ ಒಂದು ಮಾದರಿ ಇರುತ್ತಿತ್ತು ಅಷ್ಟೇ. ಬ್ರಿಟನ್ ಸರ್ಕಾರದ ಚೀವನಿಂಗ್ ಸ್ಕಾಲರ್‌ಶಿಪ್ ನೋಡಿ. ಒಂದು ದೊಡ್ಡ ಪ್ರಬಂಧ ಕೇಳಲ್ಲ. ನಾಯಕತ್ವ, ಜನರ ಜೊತೆ ಸಂಬಂಧ ಕಟ್ಟಿಕೊಳ್ಳೋದು, ಈ ಕೋರ್ಸೇ ಯಾಕೆ, ಮುಂದೆ ಏನು ಮಾಡ್ತೀರಿ, ಹೀಗೆ ಒಂದೊಂದಕ್ಕೂ ಬೇರೆ ಬೇರೆ ಉತ್ತರ ಕೇಳುತ್ತಾರೆ. ನೀವು ಇನ್ನೂ ಚಿಕ್ಕದು ಕೇಳಿ. 'ನೀವು ಸೇರುವ ಕೋರ್ಸಿನ ಯಾವ ಎರಡು ವಿಷಯ ನಿಮ್ಮ ಕಾಲೇಜಲ್ಲಿ ಸಿಗಲಿಲ್ಲ?' ಇದಕ್ಕೆ ಉತ್ತರ ಬೇಕಾದರೆ ಸಿಲಬಸ್ ತೆಗೆದು ನೋಡಲೇಬೇಕು.

ಸುಮ್ನೆ_ನೋಡ್ತಿದ್ದೆ:
ಎಐ ಬರೆದದ್ದಾ ಅಂತ ಹಿಡಿಯೋ ಸಾಫ್ಟ್‌ವೇರ್ ಇದೆಯಲ್ಲ, ಹಾಕಿ ನೋಡಿ. ಅರ್ಧ ಜನ ಅಲ್ಲೇ ಔಟ್.

ಬರ್ಲಿನ್_ಭಟ್ಟ:
ದಯವಿಟ್ಟು ಬೇಡ. ಅವು ಕೈಯಾರೆ ಬರೆದದ್ದನ್ನೂ ಎಐ ಅಂತ ತೋರಿಸುತ್ತವೆ. ಇಂಗ್ಲಿಷ್ ಮನೆಮಾತಲ್ಲದವರ ಸರಳ ಬರಹವೇ ಅದರ ಕೈಗೆ ಮೊದಲು ಸಿಕ್ಕಿಬೀಳೋದು.

ತುಮಕೂರು_ತೇಜು:
ನಾನು ಈ ವರ್ಷ ಅರ್ಜಿ ಹಾಕುತ್ತಿರುವ ವಿದ್ಯಾರ್ಥಿ. ಬೇರೆ ಕಡೆಗಳಿಗೆ. ಹೌದು, ಚಾಟ್‌ಜಿಪಿಟಿ ಬಳಸಿದ್ದೇನೆ. ಮೊದಲು ಕನ್ನಡದಲ್ಲಿ ಬರೆದೆ, ಆಮೇಲೆ ಇಂಗ್ಲಿಷ್ ಮಾಡಿಸಿದೆ. ಕನ್ಸಲ್ಟೆನ್ಸಿಗೆ ಸಾವಿರಗಟ್ಟಲೆ ಕೊಟ್ಟು ಬರೆಸಿದವನಿಗೆ ಯಾರೂ ಏನೂ ಕೇಳಲ್ಲ. ಪುಕ್ಕಟೆ ಬರೆಸಿದವನು ಮಾತ್ರ ಕಳ್ಳ. ಇದ್ಯಾವ ನ್ಯಾಯ ಸರ್?

ಕೋಟೆ_ಕಾಫಿ:
ತೇಜು ಹೇಳಿದ್ದು ಸರಿ ಇದೆ. ಇಬ್ಬರಿಗೂ ಸೊನ್ನೆ ಕೊಟ್ಟರೆ ನ್ಯಾಯ ಆಗುತ್ತೆ 😄

ಗಣಿತದ_ಮೇಷ್ಟ್ರು:
ನಾನು ಎಂಜಿನಿಯರಿಂಗ್ ಕಾಲೇಜಲ್ಲಿ ಪಾಠ ಮಾಡುವವನು. ಶಿಫಾರಸು ಪತ್ರದ ಬಗ್ಗೆ ಒಳಗಿನ ಮಾತು ಹೇಳುತ್ತೇನೆ. ನಮ್ಮಲ್ಲಿ ಬಹಳ ಕಡೆ ನಡೆಯುವುದು ಹೀಗೆ: 'ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ.' ಹುಡುಗ ತನ್ನ ಬಗ್ಗೆ ತಾನೇ 'ಅತ್ಯಂತ ವಿನಮ್ರ ಮತ್ತು ಪ್ರತಿಭಾವಂತ' ಅಂತ ಬರೆದುಕೊಂಡು ಬರುತ್ತಾನೆ. ಹೀಗಾಗಿ ಆ 10 ಅಂಕ ಎಲ್ಲರಿಗೂ 8 ಅಥವಾ 9 ಆಗುತ್ತೆ. ಪತ್ರ ಓದುವ ಬದಲು ಕೊನೆಯ ಇಪ್ಪತ್ತು ಜನರಿಗೆ ಮಾತ್ರ ಮೇಷ್ಟ್ರಿಗೆ ಫೋನ್ ಮಾಡಿ. 'ಈ ವರ್ಷ ನೀವು ಪತ್ರ ಕೊಟ್ಟವರಲ್ಲಿ ಇವನು ಎಷ್ಟನೆಯವನು? ಇವನು ಯಾವುದರಲ್ಲಿ ಎಡವುತ್ತಾನೆ?' ಅಂತ ಕೇಳಿ. ಗೊತ್ತಿರುವ ಮೇಷ್ಟ್ರು ತಕ್ಷಣ ಹೇಳುತ್ತಾರೆ. ಗೊತ್ತಿಲ್ಲದವರು 'ಒಳ್ಳೇ ಹುಡುಗ, ಒಳ್ಳೇ ಹುಡುಗ' ಅಂತಾರೆ.

ಇನ್ನೊಂದು, ಇದು ಮುಖ್ಯ. ನಿಮ್ಮ 40-30-20-10 ಕಾಗದದ ಮೇಲಷ್ಟೇ ಹಾಗಿದೆ. ಒಂದು ಕೆಲಸ ಮಾಡಿ. ಓದಿನ ಅಂಕದಲ್ಲಿ ಅತಿ ಕಡಿಮೆ ಎಷ್ಟು, ಅತಿ ಹೆಚ್ಚು ಎಷ್ಟು ಅಂತ ನೋಡಿ. ಅರ್ಜಿ ಹಾಕುವವರೆಲ್ಲ ಚೆನ್ನಾಗಿ ಓದಿದವರೇ ಆದ್ದರಿಂದ ಅಂತರ ಐದಾರು ಅಂಕ ಇರಬಹುದು. ಪ್ರಬಂಧದಲ್ಲಿ 8ರಿಂದ 27ರ ತನಕ ಹರಡಿರುತ್ತೆ. ಆಗ ಯಾರು ಮೇಲೆ, ಯಾರು ಕೆಳಗೆ ಅಂತ ತೀರ್ಮಾನ ಮಾಡುವುದು ಪ್ರಬಂಧವೇ, ಓದಲ್ಲ. ದೊಡ್ಡ ಪಾಲು ಯಾವುದಕ್ಕೆ ಇಟ್ಟಿದ್ದೀರಿ ಅನ್ನೋದಲ್ಲ, ಯಾವುದರಲ್ಲಿ ಅಂಕ ಹೆಚ್ಚು ಹರಡಿದೆ ಅನ್ನೋದು ಲೆಕ್ಕ.

ಬೆಣ್ಣೆದೋಸೆ_ದಾವಣಗೆರೆ:
ಮೇಷ್ಟ್ರೇ, ಈಗಷ್ಟೇ ಎಕ್ಸೆಲ್ ತೆಗೆದು ನೋಡಿದೆ. ಓದಿನಲ್ಲಿ 31ರಿಂದ 37. ಪ್ರಬಂಧದಲ್ಲಿ 9ರಿಂದ 28. ಹಾಗಾದರೆ ಇಷ್ಟು ದಿನ ನಾವು ಆರಿಸುತ್ತಿದ್ದುದು ಇಂಗ್ಲಿಷ್ ಚೆನ್ನಾಗಿ ಬರೆಯುವವರನ್ನ!

ಗಣಿತದ_ಮೇಷ್ಟ್ರು:
ಅಥವಾ ಚೆನ್ನಾಗಿ ಬರೆಸುವವರನ್ನ. ಪರಿಶೀಲಕರದ್ದೂ ಇದೇ ಕಥೆ. ಒಬ್ಬರು 60ರಿಂದ 90ರ ತನಕ ಧಾರಾಳವಾಗಿ ಹರಡುತ್ತಾರೆ. ಇನ್ನೊಬ್ಬರು 78ರಿಂದ 84ರ ಒಳಗೇ ಎಲ್ಲರನ್ನೂ ತುಂಬುತ್ತಾರೆ. ಸರಾಸರಿ ತೆಗೆದರೆ ಮೊದಲನೆಯವರ ಮಾತೇ ನಡೆಯುತ್ತೆ. ಅಂಕದ ಬದಲು ಪ್ರತಿಯೊಬ್ಬರೂ ತಮ್ಮ ಕಟ್ಟಿನಲ್ಲಿ ಒಂದು, ಎರಡು, ಮೂರು ಅಂತ ಸ್ಥಾನ ಕೊಡಲಿ. ಒಂದೇ ಅರ್ಜಿಯನ್ನು ಇಬ್ಬರಾದರೂ ಓದಲಿ.

ರೇಖಾ_ಧಾರವಾಡ:
ನಾನು ಬೇರೊಂದು ಟ್ರಸ್ಟ್‌ನಲ್ಲಿ ಅರ್ಜಿ ನೋಡ್ತೀನಿ. ಮೇಷ್ಟ್ರ ಮಾತಿಗೆ ಸೇರಿಸಿ ಹೇಳ್ತೀನಿ. ಶುರು ಮಾಡೋ ಮುಂಚೆ ನಾಲ್ಕೂ ಜನ ಅದೇ ಐದು ಅರ್ಜಿ ಓದ್ರಿ. ಬೇರೆ ಬೇರೆ ಅಂಕ ಹಾಕ್ರಿ. ಆಮೇಲೆ ಕೂತು ಜಗಳ ಆಡ್ರಿ. ನಮ್ಮಲ್ಲಿ ಒಂದೇ ಅರ್ಜಿಗೆ ಒಬ್ಬರು ಬಹಳ ಮೇಲೆ, ಇನ್ನೊಬ್ಬರು ತೀರಾ ಕೆಳಗೆ ಕೊಟ್ಟಿದ್ದರು. ಕಾರಣ ಕೇಳಿದರೆ ಒಬ್ಬರು ಬಡತನ ನೋಡಿದ್ದರು, ಇನ್ನೊಬ್ಬರು ಯೂನಿವರ್ಸಿಟಿ ಹೆಸರು ನೋಡಿದ್ದರು. ಆ ಜಗಳ ಮೊದಲೇ ಆಗಿಬಿಟ್ಟರೆ ಒಳ್ಳೇದು.

ಅರ್ಜಿಗಳನ್ನ ಒಂದರ ಹಿಂದೆ ಒಂದು ಪೂರ್ತಿ ಓದಬೇಡ್ರಿ. ಒಂದು ಪ್ರಶ್ನೆ ತೊಗೊಂಡು ಎಲ್ಲರ ಉತ್ತರ ಓದ್ರಿ, ಆಮೇಲೆ ಎರಡನೇ ಪ್ರಶ್ನೆ. ಇಲ್ಲಾಂದ್ರೆ ಮೊದಲ ಪುಟದ ಐಐಟಿ ಹೆಸರು ಕೊನೇ ಪುಟದ ತನಕ ನಿಮ್ಮ ತಲೆಯಲ್ಲಿ ಕೂತಿರುತ್ತೆ. ಹೆಸರು, ಊರು, ಕಾಲೇಜು ಮುಚ್ಚಿಟ್ಟು ಓದೋಕಾದ್ರೆ ಇನ್ನೂ ಒಳ್ಳೇದು. ನಮ್ಮ ಕಡೆ ಸರ್‌ನೇಮ್ ಕಂಡ್ರೆ ಜಾತಿ ಕಂಡಂಗೇ ಅಲ್ವಾ.

ಕೋಟೆ_ಕಾಫಿ:
ಫೋನ್ ಮಾಡಿ 'ಸ್ವಲ್ಪ ನೋಡ್ಕೊಳ್ಳಿ, ನಮ್ ಹುಡ್ಗಾನೇ' ಅನ್ನೋರಿಗೆ ಎಷ್ಟು ಅಂಕ?

ರೇಖಾ_ಧಾರವಾಡ:
ಅವರ ಹೆಸರು, ಸಮಯ ಎಲ್ಲಾ ಕಮಿಟಿ ನಡಾವಳಿಯಲ್ಲಿ ಬರೀತೀವಿ ಅಂತ ಫಾರ್ಮಲ್ಲೇ ಅಚ್ಚು ಹಾಕಿಸಿದ್ದೀವಿ. ಫೋನ್ ಬಹಳ ಕಡಿಮೆ ಆಗಿದೆ ರೀ.

ನಾಡಕಚೇರಿ_ನಂಜುಂಡ:
ಆದಾಯದ 20 ಅಂಕದ ಬಗ್ಗೆ ಯಾರೂ ಮಾತಾಡಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಆದಾಯ ಪ್ರಮಾಣಪತ್ರಕ್ಕೆ ಕರ್ನಾಟಕದಲ್ಲಿ 5 ವರ್ಷ ಚಾಲ್ತಿ ಇದೆ. ಹುಡುಗ ಪಿಯುಸಿಯಲ್ಲಿ ಮಾಡಿಸಿದ್ದನ್ನೇ ಎಂ.ಎಸ್.ಗೂ ಹಚ್ಚಬಹುದು. ಆಮೇಲೆ ಸಂಬಳದವನ ಆದಾಯ ಫಾರ್ಮ್ 16ರಲ್ಲಿ ಪೈಸೆ ಸಮೇತ ಕಾಣುತ್ತೆ. ಅಡಿಕೆ ತೋಟ ಇದ್ದವನದ್ದು, ಅಂಗಡಿ ಇದ್ದವನದ್ದು ಹೇಳಿದ್ದೇ ಆದಾಯ. ಕಾರು ನಿಂತಿರುವ ಮನೆಯ ವಾರ್ಷಿಕ ಆದಾಯ ಹನ್ನೊಂದು ಸಾವಿರ ಅಂತ ಇರೋ ಪತ್ರ ನೀವೂ ನೋಡಿರ್ತೀರಿ. ಪತ್ರದ ಮೇಲಿರುವ ಆರ್‌ಡಿ ನಂಬರ್ ಹಾಕಿ ಪತ್ರ ಅಸಲಿಯಾ ನಕಲಿಯಾ ನೋಡಬಹುದು. ಒಳಗಿನ ಅಂಕಿ ನಿಜವಾ ಅಂತ ಆ ನಂಬರ್ ಹೇಳಲ್ಲ.

ಬಯಲುಸೀಮೆ_ಹುಡ್ಗಿ:
ನಂಜುಂಡಣ್ಣಾ, ಹಾಗಂತ ರೈತರೆಲ್ಲ ಸುಳ್ಳು ಹೇಳ್ತಾರೆ ಅನ್ನೋ ಥರ ಬರೀಬೇಡಿ. ನಮ್ಮಪ್ಪನ ಐದು ಎಕರೆ ಮಳೆಯಾಶ್ರಿತ ಜಮೀನಿಂದ ಒಂದು ವರ್ಷ ನಿಜವಾಗಲೂ ಏನೂ ಬರಲಿಲ್ಲ.

ನಾಡಕಚೇರಿ_ನಂಜುಂಡ:
ನಿಮ್ಮಪ್ಪನ ಪತ್ರ, ತೋಟದವನ ಪತ್ರ ಎರಡೂ ಒಂದೇ ಥರ ಕಾಣುತ್ತವೆ ತಾಯಿ. ಅದನ್ನೇ ಹೇಳಿದ್ದು. ಕಾಗದ ನೋಡಿ ಬೇರೆ ಮಾಡೋಕೆ ಆಗಲ್ಲ.

ಬರ್ಲಿನ್_ಭಟ್ಟ:
ಅದಕ್ಕೆ ಆದಾಯ ಪತ್ರದ ಬದಲು ಖರ್ಚಿನ ಲೆಕ್ಕ ಕೇಳಿ. ಒಟ್ಟು ಎಷ್ಟು ಬೇಕು, ಯಾವ ತಿಂಗಳು ಬೇಕು, ಎಲ್ಲಿಂದ ತರ್ತೀರಿ. ಓದಿ ನೋಡಿದರೆ ತಯಾರಿ ಎಷ್ಟಿದೆ ಅಂತ ತಾನಾಗೇ ಗೊತ್ತಾಗುತ್ತೆ.

ಜರ್ಮನಿಗೆ ಬರುವವನಾದರೆ, ತಿಂಗಳಿಗೆ ಇಷ್ಟೇ ಅಂತ ದುಡ್ಡು ತೆಗೆಯಲು ಬಿಡುವ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು, ತಿಂಗಳಿಗೆ 992ರ ಲೆಕ್ಕ. ನಮ್ಮ ದುಡ್ಡಲ್ಲಿ ಸುಮಾರು 12 ಲಕ್ಷ. ಎಪಿಎಸ್ ಸರ್ಟಿಫಿಕೇಟ್ (ನಮ್ಮ ಮಾರ್ಕ್ಸ್‌ಕಾರ್ಡ್, ಡಿಗ್ರಿ ಅಸಲಿ ಅಂತ ಜರ್ಮನಿಯವರು ನೋಡಿ ಕೊಡುವ ಪತ್ರ) ಇಲ್ಲದೆ ವೀಸಾ ಅರ್ಜಿಯೇ ಮುಂದೆ ಹೋಗಲ್ಲ, 2022ರ ನವೆಂಬರ್‌ನಿಂದ ಕಡ್ಡಾಯ. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ಯುರೋಪಿನ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ. ಮ್ಯೂನಿಕ್‌ನ ತಾಂತ್ರಿಕ ವಿ.ವಿ.ಯೂ ಈಗ ಶುಲ್ಕ ತೊಗೊಳ್ಳುತ್ತೆ. ಇಷ್ಟು ತಿಳಿದು ಬರೆದವನು, 'ಜರ್ಮನಿಯಲ್ಲಿ ಓದು ಫ್ರೀ' ಅಂತ ಬರೆದವನು ಇಬ್ಬರಿಗೂ ಒಂದೇ ಅಂಕ ಕೊಡಬೇಡಿ.

ನನ್ನ ಅಭಿಪ್ರಾಯದಲ್ಲಿ ನಿಮ್ಮ 3 ಲಕ್ಷ ಅಮೆರಿಕಕ್ಕೆ ಹೋಗುವವನಿಗೆ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅರ್ಧ ಕೋಟಿ ಸಾಲ ಮಾಡುವವನಿಗೆ ನೀವು ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಇಲ್ಲಿಗೆ ಬರುವವನಿಗೆ ಅದು ಬ್ಲಾಕ್ಡ್ ಅಕೌಂಟಿನ ಕಾಲು ಭಾಗ.

ಡಲ್ಲಾಸ್_ದಿವಾಕರ:
ಭಟ್ರೇ, ಇದು ಜರ್ಮನಿ ಪ್ರವಾಸೋದ್ಯಮ ಇಲಾಖೆಯ ಜಾಹೀರಾತಾ? ಹೀಗೆ ಅಂದುಕೊಂಡೇ ಎಷ್ಟೋ ಮಕ್ಕಳು ಅಲ್ಲಿನ ಖಾಸಗಿ ಯೂನಿವರ್ಸಿಟಿಗಳಿಗೆ ಲಕ್ಷಗಟ್ಟಲೆ ಶುಲ್ಕ ಕಟ್ಟಿ ಸೇರುತ್ತಿದ್ದಾರೆ. ಏಜೆಂಟ್‌ಗೆ ಕಮಿಷನ್ ಸಿಗೋದು ಅಲ್ಲೇ ತಾನೇ. ದೇಶ ನೋಡಿ ಅಂಕ ಕೊಡಬೇಡಿ, ಕೋರ್ಸ್ ನೋಡಿ. ಅಮೆರಿಕದಲ್ಲಿ ಫಂಡಿಂಗ್ ಸಿಕ್ಕ ಪಿಎಚ್‌ಡಿ ಹುಡುಗಿಗೆ ನಿಮ್ಮ 3 ಲಕ್ಷ ವಿಮಾನ, ವೀಸಾ, ಮನೆ ಮುಂಗಡ, ಮೊದಲ ತಿಂಗಳ ಊಟ ಎಲ್ಲಾ ನೋಡಿಕೊಳ್ಳುತ್ತೆ. ಸ್ಟೈಪೆಂಡ್ ಕೈಗೆ ಬರೋದು ಆಮೇಲೆ.

ಬರ್ಲಿನ್_ಭಟ್ಟ:
ಖಾಸಗಿ ವಿ.ವಿ. ಬಗ್ಗೆ ಹೇಳಿದ್ದು ಒಪ್ಪಿದೆ. ಆಫರ್ ಲೆಟರ್ ಸರ್ಕಾರಿಯದ್ದಾ ಖಾಸಗಿಯದ್ದಾ ಅಂತ ನೋಡಲೇಬೇಕು. ಷರತ್ತಿನ ಆಫರ್ರಾ ಪೂರ್ತಿ ಆಫರ್ರಾ ಅಂತಲೂ.

ಸಿಟ್ಟಿನ_ಸಿದ್ದಪ್ಪ:
ನನಗೆ ಅರ್ಥ ಆಗದ್ದು ಬೇರೆ. ಹೊರಗೆ ಹೋಗಿ ಅಲ್ಲೇ ಉಳಿಯೋರಿಗೆ ನಾವ್ಯಾಕೆ ದುಡ್ಡು ಕೊಡಬೇಕು? ಅದೇ 24 ಲಕ್ಷದಲ್ಲಿ ಇಲ್ಲಿ ಎಷ್ಟು ಮಕ್ಕಳ ಡಿಗ್ರಿ ಆಗುತ್ತೆ! ಕೊಡೋದೇ ಆದ್ರೆ ಬಾಂಡ್ ಬರೆಸ್ಕೊಳ್ಳಿ. ವಾಪಸ್ ಬಂದು 5 ವರ್ಷ ಇಲ್ಲಿ ಕೆಲಸ ಮಾಡಲಿ.

ಬಯಲುಸೀಮೆ_ಹುಡ್ಗಿ:
ಬಾಂಡ್ ಕಥೆ ಬೇಕಾ ಸಿದ್ದಪ್ಪನವರೇ? 1913ರಲ್ಲಿ ಅಂಬೇಡ್ಕರ್ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾದ ಸಯಾಜಿರಾವ್ ಗಾಯಕವಾಡರ ಸ್ಕಾಲರ್‌ಶಿಪ್‌ನಲ್ಲಿ. ತಿಂಗಳಿಗೆ ಹನ್ನೊಂದೂವರೆ ಪೌಂಡ್, 3 ವರ್ಷ. ವಾಪಸ್ ಬಂದು 10 ವರ್ಷ ಬರೋಡಾ ಸಂಸ್ಥಾನದಲ್ಲಿ ಕೆಲಸ ಮಾಡಬೇಕು ಅಂತ ಕರಾರು. ಬಂದರು, 1917ರಲ್ಲಿ. ಆ ಊರಲ್ಲಿ ಅವರಿಗೆ ಇರಲು ಒಂದು ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ಜನ ಬಂದು ಹೊರಗೆ ಹಾಕಿದರು. ಕೆಲಸ ಬಿಟ್ಟು ಹೋಗಬೇಕಾಯಿತು. ವಾಪಸ್ ಬಾ ಅಂತ ಬರೆಸಿಕೊಳ್ಳೋದು ಸುಲಭ. ಬಂದವನಿಗೆ ಇಲ್ಲಿ ಏನಿದೆ ಅಂತಲೂ ಕೇಳಬೇಕು.

ಸಿಟ್ಟಿನ_ಸಿದ್ದಪ್ಪ:
ಅದು ಜಾತಿ ವಿಷಯ, ಅದನ್ನ ಎಲ್ಲದಕ್ಕೂ ತರಬೇಡಿ. ಚೀವನಿಂಗ್‌ನಲ್ಲೂ ವಾಪಸ್ ಬಂದು 2 ವರ್ಷ ತಮ್ಮ ದೇಶದಲ್ಲಿ ಇರಬೇಕು ಅಂತ ಇದೆ. ಅಮೆರಿಕದ ಫುಲ್‌ಬ್ರೈಟ್ ಸ್ಕಾಲರ್‌ಶಿಪ್‌ನಲ್ಲೂ ಜೆ-1 ವೀಸಾಗೆ ಇದೇ ಥರ 2 ವರ್ಷದ ನಿಯಮ ಇದೆ. ಅವರು ಹಾಕಿದರೆ ಸರಿ, ನಾವು ಹಾಕಿದರೆ ತಪ್ಪಾ?

ರೇಖಾ_ಧಾರವಾಡ:
ಅವರ ಹತ್ತಿರ ವೀಸಾ ಅಧಿಕಾರ ಇದೆ ರೀ. ನಮ್ಮ ಹತ್ತಿರ ಏನಿದೆ, ಒಂದು ವಾಟ್ಸಾಪ್ ಗ್ರೂಪು. 3 ಲಕ್ಷಕ್ಕೆ ಬಾಂಡ್ ಬರೆಸ್ಕೊಂಡು ಕೋರ್ಟಿಗೆ ಅಲೆಯೋರು ಯಾರು? ಅದಕ್ಕಿಂತ ಸಾಲದ ರೂಪದಲ್ಲಿ ಕೊಡ್ರಿ. ಜೆ.ಎನ್. ಟಾಟಾ ಎಂಡೋಮೆಂಟ್ 1892ರಿಂದ ಹಂಗೇ ಕೊಡ್ತಾ ಬಂದಿದೆ. ಅವನು ಎಲ್ಲೇ ಇರಲಿ, ದುಡಿದು ತೀರಿಸಲಿ, ಆ ದುಡ್ಡು ಮುಂದಿನವರಿಗೆ ಹೋಗಲಿ.

ಗಣಿತದ_ಮೇಷ್ಟ್ರು:
ಧಾರವಾಡದವರು ಗಿರೀಶ ಕಾರ್ನಾಡರನ್ನು ಹೇಗೆ ಮರೆತಿರಿ? ಕರ್ನಾಟಕ ಕಾಲೇಜಿನಲ್ಲಿ ಗಣಿತ-ಸಂಖ್ಯಾಶಾಸ್ತ್ರ ಓದಿ ರೋಡ್ಸ್ ಸ್ಕಾಲರ್ ಆಗಿ ಆಕ್ಸ್‌ಫರ್ಡ್‌ಗೆ ಹೋದರು. 1963ರಲ್ಲಿ ವಾಪಸ್ ಬಂದರು. ಯಾವ ಬಾಂಡೂ ಇರಲಿಲ್ಲ.

ಡಲ್ಲಾಸ್_ದಿವಾಕರ:
ರೋಡ್ಸ್ ಹೆಸರು ಎತ್ತಿದ್ದಕ್ಕೆ ಒಂದು ಮಾತು. 1977ರ ತನಕ ಅದನ್ನ ಹೆಣ್ಣುಮಕ್ಕಳಿಗೆ ಕೊಡುತ್ತಲೇ ಇರಲಿಲ್ಲ. ನಿಯಮವೇ ಹಾಗಿದ್ದರೆ ಪರಿಶೀಲಕ ಎಷ್ಟು ಒಳ್ಳೆಯವನಾದರೂ ಏನು ಪ್ರಯೋಜನ. ದೋಸೆಯವರೇ, ನಿಮ್ಮ ನಿಯಮದಲ್ಲಿ ಬ್ಯಾಕ್‌ಲಾಗ್ ಇದ್ದವರು ಅರ್ಜಿ ಹಾಕುವಂತಿಲ್ಲ ಅಂತೇನಾದರೂ ಇದೆಯಾ?

ಬೆಣ್ಣೆದೋಸೆ_ದಾವಣಗೆರೆ:
ಇದೆ. 'ಯಾವುದೇ ವಿಷಯದಲ್ಲಿ ಅನುತ್ತೀರ್ಣರಾಗಿರಬಾರದು' ಅಂತ.

ಡಲ್ಲಾಸ್_ದಿವಾಕರ:
ಅಲ್ಲಿಗೆ ಕನ್ನಡ ಮೀಡಿಯಂನಿಂದ ಬಂದು ಮೊದಲ ಸೆಮಿಸ್ಟರ್‌ನಲ್ಲಿ ಎಡವಿ ಆಮೇಲೆ ಎದ್ದವರೆಲ್ಲ ಹೊರಗೆ. ನನ್ನ ಲ್ಯಾಬ್‌ನಲ್ಲಿ ಅಂಥವರೇ ಚೆನ್ನಾಗಿ ಕೆಲಸ ಮಾಡ್ತಾರೆ. ಒಟ್ಟು ಸಿಜಿಪಿಎ ನೋಡಬೇಡಿ, ಮೊದಲ ಸೆಮಿಸ್ಟರ್‌ನಿಂದ ಎಂಟನೆಯದರ ತನಕ ಹೇಗೆ ಏರಿದೆ ನೋಡಿ. ತಾನೇ ಪರೀಕ್ಷೆ ಮಾಡಿ ಅಂಕ ಕೊಡುವ ಒಂದು ಸ್ವಾಯತ್ತ ಕಾಲೇಜಿನ 9ನ್ನು ವಿಟಿಯುವಿನ (ರಾಜ್ಯದ ತಾಂತ್ರಿಕ ವಿ.ವಿ.) 7.8ರ ಪಕ್ಕ ಇಟ್ಟು ತೂಗಬೇಡಿ. ಅವರದ್ದೇ ಕಾಲೇಜಿನಲ್ಲಿ, ಅವರದ್ದೇ ಬ್ರಾಂಚಿನಲ್ಲಿ ಎಷ್ಟನೆಯವರು ಅಂತ ಕೇಳಿ.

ಕೋಟೆ_ಕಾಫಿ:
ವಿಟಿಯು ಅಂದ ತಕ್ಷಣ ಎದೆ ಝಲ್ ಅಂತು. ಎಂ-3 (ಮೂರನೇ ಗಣಿತ ಪೇಪರ್) ಇವತ್ತಿಗೂ ಕನಸಲ್ಲಿ ಬರುತ್ತೆ.

ಗಣಿತದ_ಮೇಷ್ಟ್ರು:
ಓದಿದ್ದರೆ ಬರುತ್ತಿರಲಿಲ್ಲ 🙂

ಹಾಸ್ಟೆಲ್_ಹನುಮಂತ:
ಸಮಾಜ ಕಲ್ಯಾಣದ ಕಡೆಯ ವಿಷಯ ಒಂದು ಹೇಳಬೇಕು. ನಿಮ್ಮ ಅರ್ಜಿದಾರರಲ್ಲಿ ಎಸ್‌ಸಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳು ಇದ್ದರೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ವರ್ಷಕ್ಕೆ 125 ಜನಕ್ಕೆ. ಕುಟುಂಬದ ಆದಾಯ 8 ಲಕ್ಷದ ಒಳಗಿರಬೇಕು, ವಯಸ್ಸು 35ರ ಒಳಗೆ, ಹಿಂದಿನ ಡಿಗ್ರಿಯಲ್ಲಿ 60%. ಸೇರುವ ವಿ.ವಿ. ಕ್ಯೂಎಸ್ ಅನ್ನೋ ಜಾಗತಿಕ ವಿ.ವಿ. ರ‍್ಯಾಂಕಿಂಗ್ ಪಟ್ಟಿಯ ಮೊದಲ 500ರಲ್ಲಿ ಬರಬೇಕು. ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆಯೂ ಇದೆ, ಎಸ್‌ಸಿ, ಎಸ್‌ಟಿ ಮಕ್ಕಳಿಗೆ. ಹಳ್ಳಿ ಕಡೆಯ ಮಕ್ಕಳಿಗೆ ಇದು ಗೊತ್ತೇ ಇರಲ್ಲ. ಅರ್ಜಿ ತಿರಸ್ಕರಿಸುವಾಗಲಾದರೂ ಇದನ್ನ ಬರೆದು ಕಳಿಸಿ.

ಸುಮ್ನೆ_ನೋಡ್ತಿದ್ದೆ:
ಅದು ಸಿಕ್ಕವರಿಗೆ ಮತ್ತೆ ಟ್ರಸ್ಟ್ ದುಡ್ಡು ಯಾಕೆ? ಡಬಲ್ ಆಗಲ್ವಾ?

ಹಾಸ್ಟೆಲ್_ಹನುಮಂತ:
ಮಂಜೂರಾತಿ ಬೇರೆ, ದುಡ್ಡು ಕೈಗೆ ಬರೋದು ಬೇರೆ ಸ್ವಾಮಿ. ಆ ನಡುವಿನ ತಿಂಗಳುಗಳಲ್ಲಿ ಹುಡುಗ ಊಟ ಮಾಡಬೇಕಲ್ಲ. ಬೇಕಾದರೆ ಸಾಲ ಅಂತ ಕೊಡಿ, ಬಂದ ಮೇಲೆ ವಾಪಸ್ ತೊಗೊಳ್ಳಿ.

ತುಮಕೂರು_ತೇಜು:
ದುಡ್ಡಿನ ಸಮಯದ ಬಗ್ಗೆ ನಾನೂ ಹೇಳಬೇಕು. ಒಂದು ಟ್ರಸ್ಟ್ (ಹೆಸರು ಬೇಡ) ನನ್ನ ಗೆಳತಿಗೆ ಆಗಸ್ಟ್ ಕೊನೆಯಲ್ಲಿ 'ನೀವು ಆಯ್ಕೆಯಾಗಿದ್ದೀರಿ' ಅಂತ ಮೇಲ್ ಕಳಿಸಿತು. ಡೆಪಾಸಿಟ್ ಕಟ್ಟುವ ಕೊನೇ ದಿನ ಜೂನ್‌ನಲ್ಲೇ ಮುಗಿದಿತ್ತು. ಸೀಟು ಹೋಗಿತ್ತು. ಸನ್ಮಾನಕ್ಕೆ ಶಾಲು, ಹಾರ ರೆಡಿ ಮಾಡಿಟ್ಟಿದ್ದರು. ವೀಸಾಗೆ ದುಡ್ಡು ತೋರಿಸಬೇಕಾದ್ದು ಹೊರಡುವ ಮುಂಚೆ. ಆಯ್ಕೆ ಪತ್ರ ಮೇ ತಿಂಗಳಲ್ಲಿ ಕೈಗೆ ಕೊಟ್ಟರೆ ಬ್ಯಾಂಕಿನವರಾದರೂ ಸ್ವಲ್ಪ ಮೆತ್ತಗಾಗುತ್ತಾರೆ. ಮತ್ತೆ, ಇಲ್ಲ ಅನ್ನೋದಾದರೂ ಒಂದು ಸಾಲು ಬರೆದು ಹೇಳಿ. ಬಹಳ ಕಡೆ ಉತ್ತರವೇ ಬರಲ್ಲ.

ಬೆಣ್ಣೆದೋಸೆ_ದಾವಣಗೆರೆ:
ತೇಜು, ನಮ್ಮ ಸನ್ಮಾನ ಸಮಾರಂಭ ಜುಲೈನಲ್ಲಿದೆ. ಹಣ ಅಲ್ಲಿಯ ತನಕ ಕೊಡಲ್ಲ ಅಂತ ಅಧ್ಯಕ್ಷರು. ಈ ಮಾತನ್ನ ಭಾನುವಾರದ ಮೀಟಿಂಗಿನಲ್ಲಿ ಎತ್ತುತ್ತೇನೆ.

ಎಲ್ಲಾ ಓದಿದ ಮೇಲೆ ನನ್ನ ಯೋಚನೆ: ಮೊದಲ ಸುತ್ತಿನಲ್ಲಿ ಓದು, ಖರ್ಚಿನ ಲೆಕ್ಕ, ಎರಡು ಚಿಕ್ಕ ಪ್ರಶ್ನೆ ನೋಡಿ ಇಪ್ಪತ್ತೈದು ಜನರನ್ನು ಇಟ್ಟುಕೊಳ್ಳೋದು. ಅವರ ಜೊತೆ ಹದಿನೈದು ನಿಮಿಷ ಫೋನಿನಲ್ಲಿ ಮಾತು, ಅವರ ಮೇಷ್ಟ್ರಿಗೆ ಒಂದು ಕರೆ. ಬೋರ್‌ವೆಲ್ ಹುಡುಗನಿಗೆ ಜಲಸಂಪನ್ಮೂಲ ಕೋರ್ಸಿಗೆ ಜರ್ಮನಿಯ ಸರ್ಕಾರಿ ವಿ.ವಿ.ಯಲ್ಲಿ ಸೀಟು ಸಿಕ್ಕಿದೆ, ಪೂರ್ತಿ ಆಫರ್. ಲೆಕ್ಕದಲ್ಲಿ ಸೊಸೈಟಿ ಸಾಲ, ಸೈಟು ಅಡವು, ಮಾವ ಕೊಡುವ ಒಂದು ಲಕ್ಷ ಎಲ್ಲಾ ಬರೆದಿದ್ದಾನೆ. ಇನ್ನೂ ಮೂರೂವರೆ ಲಕ್ಷ ಕಮ್ಮಿ ಬೀಳುತ್ತೆ ಅಂತಲೂ ಬರೆದಿದ್ದಾನೆ.

ಕೋಟೆ_ಕಾಫಿ:
ಯಾವ ಊರಿನ ಹುಡುಗ?

ಬೆಣ್ಣೆದೋಸೆ_ದಾವಣಗೆರೆ:
ಊರು ಹೇಳಿದರೆ ಹುಡುಗ ಯಾರು ಅಂತ ಗೊತ್ತಾಗಿಬಿಡುತ್ತೆ. ಬೇಡ ಬಿಡಿ.

ರೇಖಾ_ಧಾರವಾಡ:
ಫೋನಿನ ಮಾತು ಕನ್ನಡದಲ್ಲೇ ಇರಲಿ. ಐಇಎಲ್‌ಟಿಎಸ್‌ನಲ್ಲಿ ಇಂಗ್ಲಿಷ್ ಪರೀಕ್ಷೆ ಆಗಲೇ ಆಗಿದೆ, ನಾವು ಮತ್ತೆ ಯಾಕೆ ಮಾಡಬೇಕು.

ಡಲ್ಲಾಸ್_ದಿವಾಕರ:
ಅರ್ಧ ಒಪ್ತೀನಿ. ಐದು ನಿಮಿಷವಾದರೂ ಇಂಗ್ಲಿಷ್‌ನಲ್ಲಿ ಮಾತಾಡಿಸಿ. ಅಲ್ಲಿ ಪ್ರೊಫೆಸರ್ ಮುಂದೆ ತನ್ನ ಕೆಲಸದ ಬಗ್ಗೆ ಬಾಯಿ ಬಿಡಲೇಬೇಕು. ವ್ಯಾಕರಣ ತಪ್ಪಿದರೆ ಪರವಾಗಿಲ್ಲ, ಮಾತೇ ಆಡದಿದ್ದರೆ ಕಷ್ಟ. ಮನೆಮಾತು ಉರ್ದು, ಲಂಬಾಣಿ ಇರುವ ಮಕ್ಕಳೂ ಇರ್ತಾರೆ, ಅವರಿಗೆ ಯಾವ ಭಾಷೆ ಬೇಕೋ ಕೇಳಿ.

ಸಿಟ್ಟಿನ_ಸಿದ್ದಪ್ಪ:
ನನಗೆ ಬಾಂಡ್ ಬಗ್ಗೆ ಇನ್ನೂ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ. ಆದರೆ ಆ ನೀರಿನ ಹುಡುಗನಿಗೆ ಕೊಡಿ.

ಬೆಣ್ಣೆದೋಸೆ_ದಾವಣಗೆರೆ:
ಅವನಿಗೇ ಅಂತ ಈಗಲೇ ಹೇಳೋಕಾಗಲ್ಲ ಸಿದ್ದಪ್ಪನವರೇ. ಅವನ ಅರ್ಜಿಯನ್ನ ಇನ್ನು ನಾನು ಓದಲ್ಲ, ಬೇರೆ ಇಬ್ಬರಿಗೆ ಕೊಡ್ತೀನಿ. ಇಲ್ಲಿ ಇಷ್ಟೆಲ್ಲಾ ಬರೆದ ಮೇಲೆ ನಾನು ಅವನ ಪಕ್ಷದವನೇ ಆಗಿಬಿಟ್ಟಿದ್ದೇನೆ.

ಈಗ ಆ ಎರಡು ಪ್ರಶ್ನೆ ಯಾರಾದರೂ ಬರೆದುಕೊಡಿ. ಭಾನುವಾರದೊಳಗೆ ಬೇಕು.

ಬರ್ಲಿನ್_ಭಟ್ಟ:
1. ನೀವು ಸೇರುವ ಕೋರ್ಸಿನ ಯಾವ ಎರಡು ವಿಷಯಗಳಿಗಾಗಿ ಅಲ್ಲಿಗೆ ಹೋಗುತ್ತಿದ್ದೀರಿ, ಯಾಕೆ?
2. ಯಾರೂ ಹೇಳದೆ, ಅಂಕಕ್ಕೂ ಅಲ್ಲದೆ ನೀವಾಗೇ ಮಾಡಿದ ಒಂದು ಕೆಲಸ ಹೇಳಿ. ಎಲ್ಲಿ ಕೆಟ್ಟಿತು, ಆಮೇಲೆ ಏನು ಮಾಡಿದಿರಿ?
ತಲಾ 250 ಪದ.

ಗಣಿತದ_ಮೇಷ್ಟ್ರು:
250 ಜಾಸ್ತಿ ಆಯಿತು. ನೂರು ಅರ್ಜಿ ಅಂದರೆ ಐವತ್ತು ಸಾವಿರ ಪದ, ಅದೂ ಇಬ್ಬಿಬ್ಬರು ಓದಬೇಕು. 150 ಮಾಡಿ.

ಸುಮ್ನೆ_ನೋಡ್ತಿದ್ದೆ:
ಎರಡನೇ ಪ್ರಶ್ನೆಗೂ ಚಾಟ್‌ಜಿಪಿಟಿ ಕಥೆ ಕಟ್ಟಿಕೊಡುತ್ತೆ ನೋಡ್ತಿರಿ.

ರೇಖಾ_ಧಾರವಾಡ:
ಕೊಡಲಿ ಬಿಡ್ರಿ. ಫೋನಿನಲ್ಲಿ 'ಆಮೇಲೆ ಏನಾಯ್ತು' ಅಂತ ಎರಡು ಸಲ ಕೇಳಿದರೆ ಸಾಕು.

ತುಮಕೂರು_ತೇಜು:
ಸಂಬಂಧ ಇಲ್ಲದ ಪ್ರಶ್ನೆ: ಎಪಿಎಸ್‌ಗೆ ಕಾಗದ ಕಳಿಸಿ ತುಂಬಾ ದಿನ ಆಯ್ತು, ಸ್ಟೇಟಸ್ ಬದಲಾಗಿಲ್ಲ. ಭಟ್ರೇ, ಮೇಲ್ ಹಾಕಲಾ, ಕಾಯಲಾ?

ಬರ್ಲಿನ್_ಭಟ್ಟ:
ಅದಕ್ಕೆ ಬೇರೆ ಥ್ರೆಡ್ ಇದೆ, ಅಲ್ಲಿ ಬನ್ನಿ. ಮಾರ್ಕ್ಸ್‌ಕಾರ್ಡ್ ಕಾಪಿಗೆ ಅಟೆಸ್ಟ್ ಮಾಡಿಸಿದ್ದೀರಾ ಮೊದಲು ಹೇಳಿ.